ನೀರಿನ ಕೆಳಗಿನ ಮರಗಳು

ನಲವತ್ತು ದಾಟುವವರೆಗೂ ನಮಗೆ ಈಜು ಬರುತ್ತಿರಲಿಲ್ಲ. ನಾವು ಎಂದರೆ ಅಕ್ಕ ಮತ್ತು ಇದನ್ನು ಬರೆಯುತ್ತಿರುವ ತಂಗಿ. ಸಾಗರದಂಥ ಮಳೆಯ ಊರಿನಲ್ಲಿ ಹುಟ್ಟಿ ಬೆಳೆದೂ, ಯಾವ ದಿಕ್ಕಿಗೆ ನಡೆದರೂ ಕೆರೆಯೋ ಹಳ್ಳವೋ ಎದುರಾಗುವ ಸೀಮೆಯಲ್ಲಿದ್ದೂ ನಾವು ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದವರಲ್ಲ. ಶಾಲೆಯಿಂದ ಜೋಗಕ್ಕೆ ಪ್ರವಾಸ ಹೋದಾಗ ನಮ್ಮ ಮನೆಯಿಂದ ಮೂರು ಮಕ್ಕಳ ಹಣವೂ ಹೋಗಲಿಲ್ಲ. ಕಾರಣ ಕೇಳಿದ ಮೇಷ್ಟ್ರಿಗೆ ಅಬ್ಬಾ, 'ಅವರ ತಾಯಿಗೆ ನೀರು ಆಗುವುದಿಲ್ಲ' ಎಂದಷ್ಟೇ ಹೇಳಿದರಂತೆ.

ಅಮ್ಮಿಗೆ ನೀರು ಆಗದಿರಲು ಕಾರಣವಿತ್ತು. ಅವಳು ಹುಟ್ಟಿದ ಊರು ಈಗ ಶರಾವತಿಯ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಅವಳಿಗೆ ಹನ್ನೆರಡು ವರ್ಷ. ಮನೆಯ ಬಾಗಿಲು, ಕಿಟಕಿ, ತೊಲೆ, ಹಂಚು ಎಲ್ಲವನ್ನೂ ಗಾಡಿಗೆ ಹೇರಿ ಸಾಗರಕ್ಕೆ ತಂದಿದ್ದರು. ಬಚ್ಚಲುಮನೆಯ ಒಲೆಯ ಮೇಲೆ ಗಾರೆ ಹಾಕಿ ಕೂರಿಸಿದ್ದ ನಾನಿಯ ತಾಮ್ರದ ಹಂಡೆ ಮಾತ್ರ ಅಲ್ಲೇ ಉಳಿದಿತ್ತು. ನಾನಿ ದಿನವೂ ಆ ಹಂಡೆಯ ಮಾತು ಆಡುತ್ತಿದ್ದಳಂತೆ. ನೀರು ಮನೆಯ ಮಾಡಿನ ಮಟ್ಟ ದಾಟಿದ ಮೇಲೆ ಒಂದು ಬೆಳಿಗ್ಗೆ ನಮ್ಮ ದೊಡ್ಡ ಮಾಮು, ಹತ್ತೊಂಬತ್ತು ವರ್ಷದ ಹುಡುಗ, ಯಾರಿಗೂ ಹೇಳದೆ ಒಬ್ಬನೇ ದೋಣಿ ತೆಗೆದುಕೊಂಡು ಹೋಗಿ ಹಂಡೆಗಾಗಿ ಮುಳುಗು ಹಾಕಿದ. ಊರಿಗೇ ಹೆಸರಾದ ಈಜುಗಾರ. ಮೂರನೆಯ ದಿನ ಸಿಕ್ಕಿದ. ಮನೆಯ ಹಿಂದಿನ ಹಲಸಿನ ಮರದ ಕೊಂಬೆಯಲ್ಲಿ ಅಂಗಿ ಸಿಕ್ಕಿಕೊಂಡಿತ್ತು.

ಮುಳುಗಿ ಸತ್ತವರಿಗೆ ಶಹೀದರ ದರ್ಜೆ ಇದೆ ಎಂದು ಹಿರಿಯರು ನಾನಿಗೆ ಸಮಾಧಾನ ಹೇಳಿದರು. ನಾನಿ ಸಮಾಧಾನಪಟ್ಟುಕೊಂಡಳೋ ಇಲ್ಲವೋ ನಮಗೆ ತಿಳಿಯದು. ಅಮ್ಮಿ ಮಾತ್ರ ತನ್ನ ಮಕ್ಕಳಿಗೆ ಒಂದೇ ಕಾನೂನು ಮಾಡಿದಳು: ನೀರಿನ ಹತ್ತಿರ ಹೋಗಕೂಡದು.

ಏಳನೆಯ ತರಗತಿಯವರೆಗೆ ನಾವು ಓದಿದ್ದು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ. ಉರ್ದುವಿನಲ್ಲಿ 'ಡೂಬ್‌ನಾ' ಬೇರೆ, 'ಗೋತಾ ಲಗಾನಾ' ಬೇರೆ. ಮೊದಲನೆಯದು ಮುಳುಗಿ ಹೋಗುವುದು, ಎರಡನೆಯದು ಬೇಕೆಂದೇ ಮುಳುಗು ಹಾಕಿ ಮತ್ತೆ ಏಳುವುದು. ಮುತ್ತು ತೆಗೆಯಲು ಇಳಿಯುವವನು ಗೋತಾಖೋರ್. ಹೈಸ್ಕೂಲಿಗೆ ಬಂದಾಗ ಕನ್ನಡದಲ್ಲಿ ಎರಡಕ್ಕೂ 'ಮುಳುಗು' ಎಂಬ ಒಂದೇ ಪದ ಸಿಕ್ಕಿತು. ಊರು ಹೋದದ್ದೂ ಮುಳುಗಡೆ, ಮಾಮು ಹೋದದ್ದೂ ಮುಳುಗಿ. ನಮ್ಮ ಮನೆಯ ಮಟ್ಟಿಗೆ ಕನ್ನಡವೇ ಸರಿ ಎಂದು ನಮಗೆ ಅನ್ನಿಸುತ್ತಿತ್ತು. ಮುಳುಗಿದ ಮೇಲೆ ಏಳುವುದು ಎಂಬುದೊಂದಿದೆ ಎಂದು ನಮಗೆ ಯಾರೂ ತೋರಿಸಿರಲಿಲ್ಲ.

2023ರ ಬೇಸಿಗೆಯಲ್ಲಿ ತಮ್ಮನ ಹೆಂಡತಿಯ ಬಾಣಂತನಕ್ಕೆಂದು ನಾವಿಬ್ಬರೂ ಅಮೆರಿಕದ ಆಸ್ಟಿನ್‌ಗೆ ಹೋದೆವು. ಟೆಕ್ಸಾಸ್ ರಾಜ್ಯದ ರಾಜಧಾನಿ ಅದು. ತಮ್ಮ ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಮ್ಮಿಯೇ ಹೋಗಬೇಕಿತ್ತು. ಸಮುದ್ರದ ಮೇಲೆ ಹಾರುವ ವಿಮಾನವನ್ನು ತಾನು ಹತ್ತಲಾರೆ ಎಂದಳು. ಅಲ್ಲಿ ಒಂದು ದಿನ ಮಗುವಿನ ಬಟ್ಟೆ ಇಡಲು ಕಪಾಟು ತೆರೆದಾಗ ರಬ್ಬರಿನ ಕಪ್ಪು ಉಡುಪು, ಕಪ್ಪೆಯ ಕಾಲಿನಂಥ ಪಾದರಕ್ಷೆ, ಗಾಜಿನ ಮುಖವಾಡ ಸಿಕ್ಕವು. ತಮ್ಮ ತಲೆ ತಗ್ಗಿಸಿಕೊಂಡು ಒಪ್ಪಿಕೊಂಡ. ಮೂವತ್ತೈದನೆಯ ವಯಸ್ಸಿನಲ್ಲಿ ಈಜು ಕಲಿತಿದ್ದ. ಆಮೇಲೆ ಸ್ಕೂಬಾ ಕಲಿತು, ಊರ ಹೊರಗಿನ ಟ್ರಾವಿಸ್ ಸರೋವರದಲ್ಲಿ ಎರಡು ವರ್ಷದಿಂದ ಮುಳುಗುತ್ತಿದ್ದ. ಅಮ್ಮಿಗೆ ಹೇಳಿರಲಿಲ್ಲ.

ಆ ರಾತ್ರಿ ನಾವು ಅವನನ್ನು ಬಾಯಿಗೆ ಬಂದಂತೆ ಬೈದೆವು. ಹಸುಗೂಸಿನ ತಂದೆ ನೀನು, ನಿನಗೆ ಬುದ್ಧಿ ಬೇಡವೇ ಎಂದೆವು. ಅವನು ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಹೇಳಿದ: 'ಆ ನೀರಿನಲ್ಲಿ ಮರಗಳಿವೆ ಅಂತ ಗೊತ್ತಾಯಿತು. ಮಾಮು ಕೊನೆಗೆ ಏನು ನೋಡಿದ ಅಂತ ನೋಡಬೇಕು ಅನ್ನಿಸಿತು.'

ನಾವು ಮತ್ತೆ ಬೈಯಲಿಲ್ಲ.

ಬಾಣಂತಿಗೆ ನಲವತ್ತು ಕಳೆದ ಮೇಲೆ ಒಂದು ಭಾನುವಾರ ಅವನು ನಮ್ಮನ್ನು ಸರೋವರಕ್ಕೆ ಕರೆದುಕೊಂಡು ಹೋದ. ಹೆಸರಿಗೆ ಸರೋವರ, ಅದೂ ನಮ್ಮ ಲಿಂಗನಮಕ್ಕಿಯ ಹಾಗೆ ಅಣೆಕಟ್ಟಿನ ಹಿನ್ನೀರೇ. ಅಲ್ಲಿನ ಕೊಲೊರಾಡೊ ನದಿಗೆ (ಗ್ರ್ಯಾಂಡ್ ಕ್ಯಾನಿಯನ್ ಕೊರೆದ ಪ್ರಸಿದ್ಧ ಕೊಲೊರಾಡೊ ಅಲ್ಲ, ಟೆಕ್ಸಾಸಿನಲ್ಲೇ ಹುಟ್ಟಿ ಟೆಕ್ಸಾಸಿನಲ್ಲೇ ಕಡಲು ಸೇರುವ ಇನ್ನೊಂದು) 1937ರಿಂದ ಕಟ್ಟಲು ತೊಡಗಿದ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟು ಆ ನೀರನ್ನು ನಿಲ್ಲಿಸಿದೆ. ನದಿಯ ಹಳೆಯ ಪಾತ್ರದ ಉದ್ದಕ್ಕೂ ಸುಮಾರು ನೂರು ಕಿಲೋಮೀಟರು ಹಾವಿನಂತೆ ಸುತ್ತಿಕೊಂಡು ನೀರು ನಿಂತಿದೆ. ತುಂಬಿದಾಗ ಅದರ ಮಟ್ಟ ಸಮುದ್ರಮಟ್ಟದಿಂದ 681 ಅಡಿ. ನಾವು ಹೋದ ವರ್ಷ ಬರ. ಸುಣ್ಣಕಲ್ಲಿನ ದಡಗಳ ಮೇಲೆ ನೀರು ಇಳಿದ ಗುರುತು ಬಿಳಿಯ ಪಟ್ಟಿಯಾಗಿ ಕಾಣುತ್ತಿತ್ತು. ದೋಣಿ ಇಳಿಸುವ ಕಾಂಕ್ರೀಟು ಜಾರುಬಂಡೆಗಳು ನೀರು ಮುಟ್ಟದೆ ಒಣ ಮಣ್ಣಿನಲ್ಲೇ ಮುಗಿದಿದ್ದವು. ನಡುವೆ ಕೆಲವು ದಿಬ್ಬಗಳು ತಲೆ ಎತ್ತಿದ್ದವು. ಅವುಗಳಿಗೆ ಅಲ್ಲಿಯವರು 'ಸಮ್‌ಟೈಮ್ಸ್ ಐಲ್ಯಾಂಡ್ಸ್' ಎನ್ನುತ್ತಾರೆ. ಒಮ್ಮೊಮ್ಮೆ ಮಾತ್ರ ಕಾಣುವ ದ್ವೀಪಗಳು.

ನಮಗೆ ಮಡೇನೂರು ನೆನಪಾಯಿತು. 1948ರಲ್ಲಿ ಶರಾವತಿಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಅದು. ಹದಿನಾರು ವರ್ಷಕ್ಕೆ ಲಿಂಗನಮಕ್ಕಿಯ ನೀರಿನಲ್ಲಿ ತಾನೇ ಮುಳುಗಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಈಗಲೂ ಮೇಲೆ ಕಾಣುತ್ತದೆ, ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ಅಮ್ಮಿ ಒಮ್ಮೆಯೂ ಹೋಗಿಲ್ಲ.

ಟ್ರಾವಿಸ್‌ನ ಮರಗಳು ಪೀಕನ್ ಮರಗಳು. ಅಖ್ರೋಟಿನ ಜಾತಿಗೆ ಸೇರಿದ, ತಿನ್ನುವ ಕಾಯಿ ಬಿಡುವ ದೊಡ್ಡ ಮರ. ಟೆಕ್ಸಾಸಿನ ರಾಜ್ಯವೃಕ್ಷವೂ ಅದೇ. ನದಿಯ ದಂಡೆಯಲ್ಲಿದ್ದ ಪೀಕನ್ ತೋಪುಗಳು ಅಣೆಕಟ್ಟಿನ ನೀರಿನಲ್ಲಿ ಮುಳುಗಿದವು. ಗಾಳಿ ಸಿಗದ ಆಳದಲ್ಲಿ ಮರ ಬೇಗ ಕೊಳೆಯುವುದಿಲ್ಲವಂತೆ. ಎಂಬತ್ತು ವರ್ಷಗಳ ಮೇಲೂ ಅವು ನಿಂತ ಹಾಗೆಯೇ ನಿಂತಿವೆ, ಎಲೆಯೊಂದಿಲ್ಲ ಅಷ್ಟೆ.

ದಡದಲ್ಲಿ ಜಾತ್ರೆಯಂತೆ ಜನ. ನಗರದಿಂದ ಅರ್ಧ ಗಂಟೆಯ ದಾರಿಯಾದ್ದರಿಂದ ಸ್ಕೂಬಾ ಕಲಿಯುವವರೆಲ್ಲ ಇಲ್ಲಿಗೇ ಬರುತ್ತಾರೆ. ತಮ್ಮನ ಗುರು ಅರವತ್ತರ ಹತ್ತಿರದ ಒಬ್ಬ ಹೆಂಗಸು, ನಿವೃತ್ತ ಶಾಲಾ ಶಿಕ್ಷಕಿ. ಈಜು ಬಾರದವರೂ ತನ್ನ ಕೈ ಹಿಡಿದುಕೊಂಡು ಸ್ವಲ್ಪ ಆಳಕ್ಕೆ ಇಳಿದು ನೋಡಬಹುದು ಎಂದರು. ನಾವು ನೋಡಲು ಬಂದವರು, ಇಳಿಯಲು ಅಲ್ಲ ಎಂದೆವು. ಅವರು ಒತ್ತಾಯ ಮಾಡಲಿಲ್ಲ. ಒಂದು ಸಿಲಿಂಡರನ್ನು ನಮ್ಮ ಮುಂದಿಟ್ಟು, ನಮ್ಮನ್ನು ಮಕ್ಕಳೆಂದೇ ತಿಳಿದು ಪಾಠ ಶುರುಮಾಡಿದರು.

ಸಿಲಿಂಡರಿನಲ್ಲಿರುವುದು ಆಮ್ಲಜನಕ ಎಂದು ನಾವು ತಿಳಿದಿದ್ದೆವು. ಅಲ್ಲ, ನಾವು ಉಸಿರಾಡುವ ಈ ಮಾಮೂಲಿ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಹತ್ತು ಮೀಟರು ಕೆಳಗೆ ಹೋದರೆ ಒತ್ತಡ ಇಲ್ಲಿಯ ಎರಡರಷ್ಟು. ಬಾಯಲ್ಲಿ ಕಚ್ಚಿಕೊಳ್ಳುವ ಸಾಧನ ಆಯಾ ಆಳದ ಒತ್ತಡಕ್ಕೆ ತಕ್ಕಂತೆ ಗಾಳಿ ಕೊಡುತ್ತದೆ. 1943ರಲ್ಲಿ ಫ್ರಾನ್ಸಿನ ಕುಸ್ತೊ ಮತ್ತು ಗಾನ್ಯಾನ್ ಎಂಬಿಬ್ಬರು ಸೇರಿ ಮಾಡಿದ ಸಾಧನದಿಂದ ಬೆಳೆದು ಬಂದದ್ದು ಇದು. ಮೊದಲ ನಿಯಮ, ಉಸಿರು ಹಿಡಿಯಬಾರದು. ಕೆಳಗೆ ತುಂಬಿಕೊಂಡ ಗಾಳಿ ಮೇಲೆ ಬರುತ್ತಾ ಹಿಗ್ಗುತ್ತದೆ, ಉಸಿರು ಹಿಡಿದರೆ ಶ್ವಾಸಕೋಶವೇ ಹರಿಯಬಹುದು. ಹುಟ್ಟಿದಾಗಿನಿಂದ ನಾವು ಕೇಳಿದ್ದು ನೀರಿನಲ್ಲಿ ಉಸಿರು ಹಿಡಿ ಎಂದು. ಇದು ಅದಕ್ಕೆ ಪೂರ್ತಿ ಉಲ್ಟಾ.

ಆಮೇಲೆ ಅವರು ತಮ್ಮ ಮೈಮೇಲಿದ್ದ ಎರಡು ಕೊಳವೆಗಳನ್ನು ತೋರಿಸಿದರು. ಒಂದು ಕಪ್ಪು, ಒಂದು ಹಳದಿ. ಕಪ್ಪು ನನ್ನದು, ಹಳದಿ ನಿಮ್ಮದು ಎಂದರು. ನಮಗೆ ಅರ್ಥವಾಗಲಿಲ್ಲ. ನಿಮ್ಮ ಗಾಳಿ ಮುಗಿದರೆ ನೀವು ನನ್ನ ಹಳದಿ ಕೊಳವೆಯಿಂದ ಉಸಿರಾಡುತ್ತೀರಿ. ನನ್ನದು ಮುಗಿದರೆ ನಾನು ನಿಮ್ಮ ಹಳದಿ ಕೊಳವೆಯಿಂದ. ಇಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಉಸಿರನ್ನು ಹೊತ್ತುಕೊಂಡು ಇಳಿಯುತ್ತಾರೆ. ಅದಕ್ಕೇ ಇಲ್ಲಿ ಯಾರೂ ಒಬ್ಬರೇ ಇಳಿಯುವುದಿಲ್ಲ. ಜೊತೆಗಾರ ಬರದಿದ್ದರೆ ಆ ದಿನ ಮನೆಗೆ ವಾಪಸು ಎಂದರು.

ಅಕ್ಕ ಬಹಳ ಹೊತ್ತು ಆ ಹಳದಿ ಕೊಳವೆಯನ್ನೇ ನೋಡುತ್ತಾ ನಿಂತಳು. ನಂತರ ಕೇಳಿದಳು, 'ಆ ಕಪ್ಪು ಬಟ್ಟೆ ನಮ್ಮ ಅಳತೆಗೆ ಸಿಗುತ್ತದೆಯೇ?'

ಸಿಕ್ಕಿತು. ಕುತ್ತಿಗೆಯಿಂದ ಕಣಕಾಲಿನವರೆಗೆ ಒಂದೇ ಉಡುಪು, ತಲೆಗೂ ಅದರದೇ ಕುಲಾವಿ. ಇಷ್ಟು ಮುಚ್ಚಿಕೊಂಡು ನಾವು ಮದುವೆಮನೆಗೂ ಹೋಗಿಲ್ಲ ಎಂದು ಅಕ್ಕ ನಕ್ಕಳು. ಆರೋಗ್ಯದ ಪ್ರಶ್ನೆಗಳ ಹಾಳೆ ತುಂಬಿ ಸಹಿ ಹಾಕಿದೆವು. ಸೊಂಟಕ್ಕೆ ಸೀಸದ ತುಂಡುಗಳನ್ನು ಸಿಕ್ಕಿಸಿದರು. ಸಿಹಿನೀರು ಸಮುದ್ರದ ಉಪ್ಪುನೀರಿನಷ್ಟು ನಮ್ಮನ್ನು ಎತ್ತಿ ಹಿಡಿಯುವುದಿಲ್ಲ, ಆದ್ದರಿಂದ ಇಲ್ಲಿ ಕಡಿಮೆ ಸೀಸ ಸಾಕಂತೆ. ಇಳಿಯುವ ಮೊದಲು ನಾವು ಒಬ್ಬರ ಪಟ್ಟಿ, ಬಕ್ಕಲು, ಕೊಳವೆಗಳನ್ನು ಇನ್ನೊಬ್ಬರು ಮುಟ್ಟಿ ಮುಟ್ಟಿ ನೋಡಬೇಕಾಯಿತು. ಚಿಕ್ಕಂದಿನಲ್ಲಿ ಈದ್ ದಿನ ಒಬ್ಬರ ಜಡೆಯನ್ನು ಇನ್ನೊಬ್ಬರು ಸರಿಮಾಡುತ್ತಿದ್ದಂತೆ.

ಮೊದಲ ಸಲ ಮುಖ ನೀರಿಗೆ ಮುಟ್ಟಿದ್ದೇ ತಡ ಅಕ್ಕ ಕೈಕಾಲು ಬಡಿದು ಎದ್ದು ನಿಂತುಬಿಟ್ಟಳು. ಸೊಂಟದ ಮಟ್ಟದ ನೀರು. ಆ ಶಿಕ್ಷಕಿ ಏನೂ ಹೇಳಲಿಲ್ಲ, ಕೈಯನ್ನೂ ಬಿಡಲಿಲ್ಲ. ಐದು ನಿಮಿಷ, ಹತ್ತು ನಿಮಿಷ ಸುಮ್ಮನೆ ನಿಂತಿದ್ದರು. ನಮ್ಮ ಜನ್ಮದಲ್ಲಿ ನೀರಿನ ಬಗ್ಗೆ ನಮ್ಮನ್ನು ಹೆದರಿಸದೆ, ನಗದೆ, ದೂಡದೆ ಕಾಯ್ದವರು ಅವರೊಬ್ಬರೇ. ಮೂರನೆಯ ಸಲಕ್ಕೆ ಇಬ್ಬರೂ ಮುಖ ಒಳಗಿಟ್ಟು ಉಸಿರೆಳೆದೆವು. ಗಾಳಿ ಬಂತು. ಉಸಿರು ಬಿಟ್ಟೆವು, ಗುಳ್ಳೆಗಳು ಗುಡುಗುಡು ಎಂದು ಕಿವಿಯ ಪಕ್ಕದಿಂದ ಮೇಲೆ ಹೋದವು.

ಮೂಗು ಹಿಡಿದು ಕಿವಿ ಬಿಡಿಸಿಕೊಳ್ಳುತ್ತಾ ನಾವು ಇಳಿದದ್ದು ಆರು ಮೀಟರು, ಕಲಿಯುವವರಿಗೆಂದು ನೀರಿನೊಳಗೆ ತೂಗುಹಾಕಿದ ಒಂದು ಕಟ್ಟೆಯವರೆಗೆ. ಮೂರಾಳಿಗಿಂತ ಸ್ವಲ್ಪ ಹೆಚ್ಚು ಆಳ. ನೀರು ಹಸಿರು, ಮಸುಕು. ಅಕ್ಕನ ಕೈಯ ಕೆಂಪು ಗಾಜಿನ ಬಳೆ ಕಂದು ಬಣ್ಣಕ್ಕೆ ತಿರುಗಿತ್ತು, ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನಂತೆ. ಅಂಗೈಯಷ್ಟು ಮೀನುಗಳು ಬಂದು ನಮ್ಮ ಮುಖವಾಡದ ಗಾಜಿನಲ್ಲಿ ಇಣುಕಿ ಹೋದವು. ದೋಣಿಯೊಂದರ ಸದ್ದು ಕೇಳಿತು. ಯಾವ ಕಡೆಯಿಂದ ಎಂದು ತಿಳಿಯಲಿಲ್ಲ. ನೀರಿನಲ್ಲಿ ಸದ್ದು ಗಾಳಿಯಲ್ಲಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡುವುದರಿಂದ ಎರಡು ಕಿವಿಗಳಿಗೂ ಒಮ್ಮೆಗೇ ಬಂದಂತೆ ಅನ್ನಿಸುತ್ತದೆ. ಇಷ್ಟೇ ಆಳದಲ್ಲಿ ಎಲ್ಲೋ ನಮ್ಮ ನಾನಿಯ ಬಚ್ಚಲುಮನೆ ಇತ್ತು ಎಂಬ ಯೋಚನೆ ಬಂತು. ಭಯ ಬರಬೇಕಿತ್ತು, ಬರಲಿಲ್ಲ. ಎಡಗೈ ಒಬ್ಬರ ಕೈಯಲ್ಲಿತ್ತು, ಬಲಗೈ ಇನ್ನೊಬ್ಬರ ಕೈಯಲ್ಲಿ.

ಸಂತೋಷ ತಡೆಯಲಾರದೆ ಅಕ್ಕ ಹೆಬ್ಬೆರಳು ಎತ್ತಿ ತೋರಿಸಿದಳು. ಶಿಕ್ಷಕಿ ತಕ್ಷಣ ನಮ್ಮಿಬ್ಬರನ್ನೂ ಮೆಲ್ಲಗೆ ಮೇಲಕ್ಕೆ ಕರೆದುಕೊಂಡು ಬಂದುಬಿಟ್ಟರು. ನೀರಿನೊಳಗೆ ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಎಂದು ಅರ್ಥ, ಚೆನ್ನಾಗಿದೆ ಎನ್ನಲು ಬೆರಳುಗಳನ್ನು ಸೇರಿಸಿ ಸೊನ್ನೆ ತೋರಿಸಬೇಕು. ಪಾಠ ಹೇಳಿದ್ದರು, ಅಕ್ಕ ಮರೆತಿದ್ದಳು. ನಮ್ಮ ಜಲವಿಹಾರ ಹಾಗೆ ಮುಗಿಯಿತು.

ಮರಗಳು ಇರುವುದು ಇನ್ನೂ ಆಳದಲ್ಲಿ, ಅಲ್ಲಿಗೆ ನಮ್ಮಂಥವರು ಹೋಗುವಂತಿಲ್ಲ. ತಮ್ಮ ತನ್ನ ಜೊತೆಗಾರನೊಂದಿಗೆ ಹೋಗಿ ಬಂದ. ರಾತ್ರಿ ಮಗು ಮಲಗಿದ ಮೇಲೆ ಅವನು ತೆಗೆದ ವಿಡಿಯೋ ನೋಡಿದೆವು. ಮೊದಲು ಬರಿಯ ಹಸಿರು. ಆಮೇಲೆ ದೀಪದ ಬೆಳಕಿನಲ್ಲಿ ಒಂದು ಕೊಂಬೆ, ಇನ್ನೊಂದು ಕೊಂಬೆ, ನಿಧಾನವಾಗಿ ಒಂದು ಇಡೀ ಮರ. ಕೊಂಬೆಗಳ ಮೇಲೆ ಸಾಸಿವೆ ಚೆಲ್ಲಿದಂತೆ ಸಣ್ಣ ಚಿಪ್ಪುಗಳು. ಕಪ್ಪುಸಮುದ್ರ, ಕ್ಯಾಸ್ಪಿಯನ್ ಕಡೆಯಿಂದ ಹಡಗುಗಳ ಜೊತೆ ಅಮೆರಿಕಕ್ಕೆ ಬಂದ ಜೀಬ್ರಾ ಮಸೆಲ್ ಎಂಬ ಚಿಪ್ಪುಹುಳು, 2017ರಲ್ಲಿ ಈ ಸರೋವರಕ್ಕೂ ಬಂದಿತಂತೆ. ಒಂದು ಕೊಂಬೆಗೆ ಯಾರದೋ ಗಾಳದ ದಾರ ಸುತ್ತಿಕೊಂಡಿತ್ತು. ತಮ್ಮನ ಕಾಲು ಅದರ ಹತ್ತಿರ ಹೋದಾಗ ಜೊತೆಗಾರನ ಕೈ ಬಂದು ಅವನನ್ನು ಬದಿಗೆ ಸರಿಸಿತು. ಅಷ್ಟೇ, ಒಂದು ಕ್ಷಣ. ಅದನ್ನು ನಾವು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದೆವು.

ಇಲ್ಲಿ ಒಂದು ಮಾತು ಹೇಳಬೇಕು. ಆ ದೇಶದ ಸಲಕರಣೆ ನಮ್ಮಲ್ಲಿಲ್ಲ, ಅದು ದುಬಾರಿ, ನಿಜ. ನಮ್ಮೂರುಗಳಲ್ಲಿ ಕೆರೆಗೆ ಬಿದ್ದವರನ್ನು ತೆಗೆಯಲು ಪೊಲೀಸರು ಕರೆಯುವುದು ಮೀನು ಹಿಡಿಯುವ ಯಾರಾದರೊಬ್ಬರನ್ನು. ಅವರ ಬಳಿ ಇರುವುದು ಹಗ್ಗ, ಕೊಕ್ಕೆ ಮತ್ತು ಒಂದು ಉಸಿರು. ಆದರೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಲು ಹಣ ಬೇಕಿಲ್ಲ, ಮಕ್ಕಳಿಗೆ ತೇಲಲು ಕಲಿಸಲು ಸಿಲಿಂಡರು ಬೇಕಿಲ್ಲ. 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಹತ್ತರಲ್ಲಿ ಒಂಬತ್ತು ಸಾವು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಬೇಸಿಗೆ ರಜೆ ಬಂತೆಂದರೆ ಕೃಷಿ ಹೊಂಡದಲ್ಲಿ, ಕಲ್ಲು ಕ್ವಾರಿಯಲ್ಲಿ, ಅಜ್ಜಿಯ ಊರಿನ ಕೆರೆಯಲ್ಲಿ ಮಕ್ಕಳು ಹೋದ ಸುದ್ದಿ ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಆಮೇಲೆ ಆ ಮನೆಗಳಲ್ಲಿ ನಮ್ಮ ಮನೆಯದೇ ಕಾನೂನು ಬರುತ್ತದೆ. ನೀರಿನ ಹತ್ತಿರ ಹೋಗಬೇಡ. ಹೆದರಿಸಿ ಬೆಳೆಸಿದ ಮಗು ನೀರಿನಿಂದ ದೂರ ಇರುವುದಿಲ್ಲ, ಕದ್ದು ಹೋಗುತ್ತದೆ. ಕದ್ದು ಹೋಗುವಾಗ ಒಂಟಿಯಾಗಿ ಹೋಗುತ್ತದೆ. ನಮ್ಮ ಮಾಮು ಹಾಗೆ ಹೋದವನು. ನಮ್ಮ ತಮ್ಮನೂ ಕದ್ದೇ ಹೋದ. ಅವನ ಅದೃಷ್ಟ, ಅವನು ಹೋದ ಕಡೆ ಒಬ್ಬನೇ ಇಳಿಯಲು ಬಿಡುವವರಿರಲಿಲ್ಲ.

ಊರಿಗೆ ಬಂದ ಮೇಲೂ ಅಮ್ಮಿಗೆ ಹೇಳಲು ನಮಗೆ ನಾಲ್ಕು ತಿಂಗಳು ಬೇಕಾಯಿತು. ಒಂದು ಸಂಜೆ ಅಸರ್ ನಮಾಜು ಮುಗಿಸಿ ಜಾನಮಾಜಿನ ಮೇಲೆಯೇ ಕೂತಿದ್ದಾಗ ಅಕ್ಕ ಮೊಬೈಲನ್ನು ಅವಳ ಕೈಗೆ ಕೊಟ್ಟಳು. ಅಮ್ಮಿ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಮರ ಬಂದಾಗ ಬೆರಳಿನಿಂದ ಗಾಜನ್ನು ಮುಟ್ಟಿದಳು. ಮುಗಿದ ಮೇಲೆ ಕೇಳಿದಳು, 'ಪಕ್ಕದಲ್ಲಿ ಬಂತಲ್ಲ, ಆ ಕೈ ಯಾರದು?'

'ಅವನ ಜೊತೆಗಾರನದು ಅಮ್ಮಿ.'

'ಯಾವಾಗಲೂ ಇರುತ್ತಾನಾ?'

'ಇಲ್ಲದಿದ್ದರೆ ಇಳಿಯುವುದಿಲ್ಲ.'

ಅಮ್ಮಿ ಬಹಳ ಹೊತ್ತಿನ ಮೇಲೆ ಹೇಳಿದಳು. ಆ ದಿನ ಬೆಳಿಗ್ಗೆ ಅಣ್ಣ ಅವಳನ್ನು ಕರೆದಿದ್ದನಂತೆ. ದೋಣಿಯಲ್ಲಿ ಕೂತು ಹಗ್ಗ ಹಿಡಿದಿರು, ಅಷ್ಟೇ ಸಾಕು ಎಂದಿದ್ದನಂತೆ. ಹನ್ನೆರಡು ವರ್ಷದ ಹುಡುಗಿ ನಿದ್ದೆಗಣ್ಣಿನಲ್ಲಿ, ನಾನು ಬರಲ್ಲ ಹೋಗು ಎಂದು ಕಂಬಳಿ ಎಳೆದುಕೊಂಡಳಂತೆ. ಐವತ್ತೊಂಬತ್ತು ವರ್ಷ ಅವಳು ಇದನ್ನು ನಾನಿಗೂ ಹೇಳಿರಲಿಲ್ಲ, ಅಬ್ಬಾಗೂ ಹೇಳಿರಲಿಲ್ಲ. ಅವಳು ಹೆದರಿದ್ದು ನೀರಿಗೆ ಎಂದು ನಾವು ಅಷ್ಟು ವರ್ಷ ತಿಳಿದುಕೊಂಡಿದ್ದೆವು.

ಮುಂದಿನ ಬೇಸಿಗೆಗೆ ಅಕ್ಕನ ಮಗಳು ಶಿವಮೊಗ್ಗದಲ್ಲಿ ಈಜು ಕಲಿಯಲು ಸೇರಿದಳು, ಹೆಂಗಸರ ಹೊತ್ತಿನಲ್ಲಿ. ಅವಳ ಜೊತೆ ನಾವೂ ಸೇರಿದೆವು. ಅವಳು ಈಗ ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತಾಳೆ. ನಾವು ಅಂಗಾತ ಮಲಗಿ ಐವತ್ತು ಎಣಿಸುವವರೆಗೆ ತೇಲುತ್ತೇವೆ.

2025ರ ಜುಲೈ 4ರಂದು ಟೆಕ್ಸಾಸಿನ ಗ್ವಾಡಲೂಪ್ ನದಿ ರಾತ್ರೋರಾತ್ರಿ ಉಕ್ಕಿತು. ಆ ಭಾಗದ ನೆರೆಗಳಲ್ಲಿ 130ಕ್ಕೂ ಹೆಚ್ಚು ಜನ ಹೋದರು, ಅವರಲ್ಲಿ ಬೇಸಿಗೆ ಶಿಬಿರಕ್ಕೆ ಬಂದಿದ್ದ ಪುಟ್ಟ ಹೆಣ್ಣುಮಕ್ಕಳೂ ಇದ್ದರು. ತಾವೆಲ್ಲ ಕ್ಷೇಮ ಎಂದು ತಮ್ಮ ಫೋನು ಮಾಡಿದ. ಆಮೇಲಿನ ದಿನಗಳಲ್ಲಿ ಟ್ರಾವಿಸ್‌ನ ನೀರು ಏರಿತು, ಒಮ್ಮೊಮ್ಮೆ ಕಾಣುವ ದ್ವೀಪಗಳು ಮರೆಯಾದವು ಎಂದ. ಎಲ್ಲ ಸಲಕರಣೆ ಇರುವ ದೇಶವೂ ನೀರಿನ ಮುಂದೆ ದೊಡ್ಡದಲ್ಲ.

ಅದೇ ತಿಂಗಳ 14ರಂದು ನಮ್ಮಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಹಿನ್ನೀರಿಗೆ ಕಟ್ಟಿದ ಸಿಗಂದೂರು ಸೇತುವೆ ಜನರಿಗೆ ತೆರೆಯಿತು. ಅಲ್ಲಿಯವರೆಗೆ ಆಚೆ ದಡಕ್ಕೆ ಹೋಗಲು ಲಾಂಚು ಹತ್ತಬೇಕಿತ್ತು, ಅಮ್ಮಿ ಹತ್ತುತ್ತಿರಲಿಲ್ಲ. ಮಳೆ ನಿಂತ ಮೇಲೆ ತುಮರಿಯ ಕಡೆ ಬಂಧುಗಳ ಮನೆಯ ಮದುವೆಗೆ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೊರಟೆವು. ಸೇತುವೆಯ ನಡುವೆ ಬಂದಾಗ ಅವಳು ಗಾಜು ಇಳಿಸಲು ಹೇಳಿದಳು. ದೂರದಲ್ಲಿ ಒಣಗಿದ ಮರಗಳ ತುದಿಗಳು ನೀರಿನಿಂದ ಮೇಲೆ ನಿಂತಿದ್ದವು. ತುಟಿಯಲ್ಲೇ ಫಾತಿಹಾ ಓದಿ ಆ ಕಡೆ ನೋಡುತ್ತಾ ಅಕ್ಕನ ಮಗಳ ಹೆಸರು ಹಿಡಿದು ಕೇಳಿದಳು, ಚೆನ್ನಾಗಿ ಈಜುತ್ತಾಳಾ ಎಂದು.

ಈಜುತ್ತಾಳೆ ಎಂದೆವು.

'ಒಬ್ಬಳೇ ಇಳಿಯಬಾರದು ಅಂತ ಹೇಳಿದ್ದೀರಾ?'

'ಹೇಳಿದ್ದೇವೆ ಅಮ್ಮಿ.'

'ಯಾರಾದರೂ ಜೊತೆಗೆ ಕರೆದರೆ ಇಲ್ಲ ಅನ್ನಬಾರದು ಅಂತಲೂ ಹೇಳಿ' ಎಂದಳು.